ಮ್ಯಾಕ್ರೋ ಫೋಟೋದ ನಡುವಿನ ನೀಲಿ ಮಚ್ಚೆ: ನಾನು ಹೋಗಲಾಡಿಸಿದ್ದು ಹೀಗೆ

ಚಿಕ್ಕ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ನನ್ನ ಮ್ಯಾಕ್ರೋ ಲೆನ್ಸ್ ಮಾರಿಬಿಡು ಅಂತ ಹೇಳದವರೇ ಇಲ್ಲ. ಡಿಜಿಟಲ್ ಕ್ಯಾಮೆರಾಗೆ ಹಾಕಿ, ಬಿಳಿ ಹಿನ್ನೆಲೆ ಇಟ್ಟು ಎಫ್/16ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿಗೆ ಬೆಳಕು ಬಿಡುವ ರಂಧ್ರದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು) ತೆಗೆದರೆ ಸಾಕು, ಫೋಟೋದ ನಟ್ಟನಡುವೆ ಮಸುಕಾದ ನೀಲಿ ಮಚ್ಚೆ. ಫಿಲ್ಮ್ ಕ್ಯಾಮೆರಾದಲ್ಲಿ ಇದೇ ಹಳೆ ಮ್ಯಾಕ್ರೋ ಲೆನ್ಸ್ ಒಂದು ಚೂರೂ ತಕರಾರು ಮಾಡಿರಲಿಲ್ಲ. ಈಗಲೂ ಅದೇ ಲೆನ್ಸ್, ಅದೇ ಡಿಜಿಟಲ್ ಬಾಡಿ. ಮಚ್ಚೆ ಮಾತ್ರ ಇಲ್ಲ.

ದುಡ್ಡು ಹೋಗಿದ್ದಕ್ಕೆ ಲೆಕ್ಕವಿಲ್ಲ. ದುಬಾರಿ ಫಿಲ್ಟರ್ ಹಾಕು ಅಂದರು, ಹಾಕಿದೆ. ಒಳಗೆ ಫಂಗಸ್ ಇರಬೇಕು ಅಂದರು. ರಿಪೇರಿಯವರು ಬಿಚ್ಚಿ ಒರೆಸಿ ಬಿಲ್ ಕೊಟ್ಟರು, ಮಚ್ಚೆ ಹಾಗೇ ಇತ್ತು. ಆಮೇಲೆ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಕ್ಲೀನಿಂಗ್. ಧೂಳಾಗಿದ್ದರೆ ಕಪ್ಪು ಚುಕ್ಕೆ ಬೀಳಬೇಕಿತ್ತು, ಹೊಳೆಯುವ ಮಚ್ಚೆ ಅಲ್ಲ, ಅಲ್ವಾ? ಎಲ್ಲ ಸೇರಿ ಲೆನ್ಸಿನ ಅರ್ಧ ಬೆಲೆಯಷ್ಟು ಕೈಬಿಟ್ಟಿತು. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ತಿರುಗಿಸಿದರೆ ನಡುಭಾಗ ಸರಿಹೋಗಿ ಅಂಚೆಲ್ಲ ಹಳದಿ.

ದಾರಿ ಸಿಕ್ಕಿದ್ದು ಬಿಳಿ ಹಾಳೆಯಿಂದ. ಒಂದೊಂದೇ ಅಪರ್ಚರ್‌ಗೆ ಒಂದೊಂದು ಫೋಟೋ ತೆಗೆದೆ. ಎಫ್/22ರಲ್ಲಿ ಮಚ್ಚೆ ಚಿಕ್ಕದು, ಅಂಚು ಸ್ಪಷ್ಟ. ಎಫ್/11ರಲ್ಲಿ ಅಗಲವಾಗಿ ಮಂಕು. ಎಫ್/5.6ಕ್ಕೆ ಬಂದರೆ ಹುಡುಕಿದರೂ ಕಾಣದು. ಅಪರ್ಚರ್ ಜೊತೆಗೇ ಹಿಗ್ಗಿ ಕುಗ್ಗುತ್ತದೆ ಅಂದರೆ ಅದು ಗಾಜಿನ ಕೊಳೆ ಅಲ್ಲ. ಸೆನ್ಸರ್ ಮೇಲಿನ ಗಾಜು ಫಿಲ್ಮಿಗಿಂತ ಜಾಸ್ತಿ ಹೊಳೆಯುತ್ತದೆ. ಅಲ್ಲಿಂದ ಹಿಂದಿರುಗಿದ ಬೆಳಕು ಲೆನ್ಸಿನ ಒಳಗಾಜಿಗೆ ಬಡಿದು ಮತ್ತೆ ಸೆನ್ಸರ್‌ಗೇ ಬರುತ್ತದೆ.

ಹಾಗಾಗಿ ನಾನು ಎಫ್/5.6 ದಾಟುವುದನ್ನೇ ಬಿಟ್ಟೆ. ಫೋಕಸ್ ಆಳ (ಮುಂದಿಂದ ಹಿಂದಕ್ಕೆ ಚೂಪಾಗಿ ಕಾಣುವ ಭಾಗ) ಸಾಲದು ಅಂತ ಗೆಳೆಯರು ನಕ್ಕರು. ಆದರೆ 1:1ರಲ್ಲಿ, ಅಂದರೆ ವಸ್ತು ಸೆನ್ಸರ್ ಮೇಲೆ ತನ್ನ ನಿಜಗಾತ್ರದಲ್ಲೇ ಬೀಳುವಾಗ, ಅಪರ್ಚರ್ ರಿಂಗ್ ಮೇಲೆ ಎಫ್/16 ಇದ್ದರೆ ಕೆಲಸ ಮಾಡುವುದು ಹೆಚ್ಚುಕಡಿಮೆ ಎಫ್/32ರ ಹಾಗೆ. ಅಷ್ಟು ಮುಚ್ಚಿದರೆ ಚೂಪೆಲ್ಲ ಹೋಗಿರುತ್ತದೆ, ಇನ್ನು ಆಳ ಇಟ್ಟುಕೊಂಡು ಏನು ಮಾಡುವುದು? ನಾನು ಫೋಕಸ್ ಸ್ವಲ್ಪಸ್ವಲ್ಪ ಸರಿಸುತ್ತ ಇಪ್ಪತ್ತು-ಮೂವತ್ತು ಫ್ರೇಮ್ ತೆಗೆದು ಸ್ಟ್ಯಾಕ್ ಮಾಡುತ್ತೇನೆ, ಅಂದರೆ ಚೂಪಾದ ಭಾಗಗಳನ್ನೆಲ್ಲ ಒಂದೇ ಫೋಟೋ ಆಗಿ ಸೇರಿಸುತ್ತೇನೆ. ನಕ್ಕವರೇ ಈಗ ಯಾವ ಲೆನ್ಸ್ ಅಂತ ಕೇಳುತ್ತಾರೆ.

ಎರಡನೆಯದು, ಫ್ರೇಮಿನ ಹೊರಗಿನ ಬಿಳಿಯನ್ನು ಮುಚ್ಚುವುದು. ವಸ್ತುವಿನ ಹಿಂದೆ ಬೇಕಾದಷ್ಟೇ ಬಿಳಿ, ಸುತ್ತ ಕಪ್ಪು ರಟ್ಟು. ಲೆನ್ಸ್ ಮುಂದೆ ಚೌಕ ಕಿಂಡಿಯ ಮುಚ್ಚಳ. ಕಿಂಡಿಯ ಅಳತೆ ಮಾತ್ರ ಹೇಳಲ್ಲ, ಅದಕ್ಕೆ ನನ್ನ ಬಹಳ ರಟ್ಟು ಹಾಳಾಗಿದೆ!

ಈ ನಡುವೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಅಗ್ಗದ ಎಕ್ಸ್‌ಟೆನ್ಶನ್ ಟ್ಯೂಬ್ ಒಂದಕ್ಕೆ ಸುಮ್ನೆ ಒಳಗೆ ಮಖಮಲ್ಲಿನಂಥ ಕಪ್ಪು ಹಾಳೆ ಅಂಟಿಸಿ ನೋಡಿದೆ. ಮಚ್ಚೆಗೆ ಏನೂ ಆಗಲಿಲ್ಲ. ಆದರೆ ಇಡೀ ಫೋಟೋ ಮೇಲಿದ್ದ ಹಾಲಿನಂಥ ಮಂಜು ಹೋಗಿ ಬಣ್ಣ ಗಟ್ಟಿಯಾಯಿತು. ಖರ್ಚು ಏನೇನೂ ಇಲ್ಲ, ಫಿಲ್ಟರಿಗಿಂತ ಎಷ್ಟೋ ವಾಸಿ.

ಹಳೆ ಫೋಟೋಗಳಿಗೂ ಉಪಾಯ ಇದೆ. ಅದೇ ಅಪರ್ಚರ್, ಅದೇ ಫೋಕಸ್ ದೂರದಲ್ಲಿ ಬಿಳಿ ಹಾಳೆ ತೆಗೆದು, ಅದರ ಮಚ್ಚೆಯನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಲೇಯರ್ (ಪದರ) ಮಾಡಿ ಮೂಲ ಫೋಟೋದಿಂದ ಕಳೆಯಬೇಕು. ಬಿಳಿ ಹಿನ್ನೆಲೆಯವು ಚೆನ್ನಾಗಿ ಬಂದವು. ಕಪ್ಪು ಹಿನ್ನೆಲೆಗೆ ಅಷ್ಟೇ ಕಳೆದರೆ ನಡುವೆ ಹಳದಿ ಮಚ್ಚೆ ಏಳುತ್ತದೆ, ಆ ಲೇಯರ್ ತೆಳು ಮಾಡಿಕೊಳ್ಳಿ.

ಫೋಕಸ್ಸಿನ ಮುಂದೆ ನೇರಳೆ, ಹಿಂದೆ ಹಸಿರು ಅಂಚು ಬರುವುದು ಬೇರೆಯೇ ರೋಗ. ಅದಕ್ಕೆ ಅಪರ್ಚರ್ ಮುಚ್ಚಬೇಕು, ಇದಕ್ಕೆ ತೆರೆಯಬೇಕು. ಎರಡೂ ಇರುವ ಲೆನ್ಸ್ ಸಿಕ್ಕಿದರೆ ಆಗ ಬೇಕಾದರೆ ಮಾರಿ.