ಅಲ್ಯೂಮಿನಿಯಂ ಕುಕ್ಕರ್ ಊರಲ್ಲೇ ಬಿಟ್ಟು ಬನ್ನಿ

ನೆದರ್ಲೆಂಡ್ಸ್‌ಗೆ ಹೊರಟವರು ಸೂಟ್‌ಕೇಸಿಗೆ ಏನೇನು ತುಂಬಲಿ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಕುಕ್ಕರಿನ ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ತನ್ನಿ, ಜಾರಿ ಬಿದ್ದರೆ ಅಮ್ಮನಿಗೇ ಬಿಟ್ಟು ಬನ್ನಿ. ಇಲ್ಲಿನ ಹೊಸ ಮನೆಗಳಲ್ಲಿ ಗ್ಯಾಸ್ ಒಲೆ ಇಲ್ಲ, ಇಂಡಕ್ಷನ್ನೇ ಗತಿ. ನಾನು ಹೊತ್ತು ತಂದ 5 ಲೀಟರಿನ ಕುಕ್ಕರ್ ಈಗ ಅವಲಕ್ಕಿ ಡಬ್ಬಿ. ತಳ ಸಪಾಟಾಗಿರುವ ಬೀಡಿನ ದೋಸೆ ಹೆಂಚು ಮಾತ್ರ ಚೆನ್ನಾಗಿ ಕಾಯುತ್ತದೆ. ಗಾಜಿನ ಮೇಲೆ ಎಳೆದಾಡಬೇಡಿ; ಗೀರು ಬಿದ್ದರೆ ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.

ತಮಾಷೆ ಎಂದರೆ, ಒಂದು ಕಾಲಕ್ಕೆ ಅಕ್ಕಪಕ್ಕದ ದೇಶಗಳಿಗೂ ಗ್ಯಾಸ್ ಮಾರಿದ ನಾಡು ಇದು. 1959ರಲ್ಲಿ ಉತ್ತರದ ಗ್ರೋನಿಂಗೆನ್ ಪ್ರಾಂತ್ಯದ ಸ್ಲೋಖ್ಟರೆನ್ ಬಳಿ ಭಾರಿ ನಿಕ್ಷೇಪ ಸಿಕ್ಕಿತು, ಮನೆಮನೆಗೂ ಪೈಪ್ ಬಂತು, ಖಜಾನೆ ತುಂಬಿತು. ಸುಮಾರು 3 ಕಿ.ಮೀ. ಆಳದ ಕಲ್ಲಿನ ಪದರದಿಂದ ಗ್ಯಾಸ್ ಹೀರಿದಂತೆಲ್ಲ ಮೇಲಿನ ನೆಲ ಕುಸಿಯತೊಡಗಿತು. 2012ರ ಆಗಸ್ಟ್‌ನಲ್ಲಿ 3.6 ತೀವ್ರತೆಯ ಭೂಕಂಪ. ಅಂಕಿ ಸಣ್ಣದೇ, ಆದರೆ ಆಳ ಕಡಿಮೆ, ಮಣ್ಣು ಮೆತ್ತನೆಯದು, ಮನೆಗಳೆಲ್ಲ ಇಟ್ಟಿಗೆಯವು. ಗೋಡೆ ಬಿರುಕು ಬಿಟ್ಟವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು. ಗ್ಯಾಸ್ ಲಾಭ ದೇಶಕ್ಕೆಲ್ಲ ಹಂಚಿಹೋಯಿತು, ಬಿರುಕು ಅವರ ಪಾಲಿಗೇ ಉಳಿಯಿತು. ಕೊನೆಗೆ 2023ರ ಅಕ್ಟೋಬರ್ 1ಕ್ಕೆ ಗ್ಯಾಸ್ ತೆಗೆಯುವುದನ್ನು ನಿಲ್ಲಿಸಿ, ಮರುವರ್ಷ ಕಾನೂನು ಮಾಡಿಯೇ ಮುಚ್ಚಿದರು. ಹೊಸ ಮನೆಗಳಿಗೆ ಗ್ಯಾಸ್ ಕೊಡಬಾರದು ಎಂಬ ನಿಯಮ ಅದಕ್ಕೂ ಮೊದಲೇ, 2018ರ ಜುಲೈನಲ್ಲಿ ಬಂದಿತ್ತು.

ಒಲೆ, ಕಾರು, ಮನೆ ಬಿಸಿ ಮಾಡುವ ಹೀಟ್ ಪಂಪ್ ಎಲ್ಲವೂ ಈಗ ಕರೆಂಟಿನ ಮೇಲೆ ಬಿದ್ದಿವೆ. ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಇಲ್ಲಿನ ಕೊರತೆ ಅರ್ಥವಾಗಲು ಹೊತ್ತು ಬೇಕು. ಬಿಸಿಲಿರುವ ಭಾನುವಾರ ಮಧ್ಯಾಹ್ನ ಸೋಲಾರ್ ಕರೆಂಟ್ ಉಕ್ಕಿ ಸಗಟು ದರ ಸೊನ್ನೆಗಿಂತಲೂ ಕೆಳಗಿಳಿಯುವುದುಂಟು. ಅದನ್ನು ಸಾಗಿಸುವ ತಂತಿಯಲ್ಲಿ ಮಾತ್ರ ಜಾಗವಿಲ್ಲ. 2022ರ ಜೂನ್‌ನಲ್ಲಿ ನಮ್ಮ ಬ್ರಾಬಂಟ್, ಲಿಂಬರ್ಗ್ ಪ್ರಾಂತ್ಯಗಳಲ್ಲಿ ಹೊಸ ದೊಡ್ಡ ಸಂಪರ್ಕಕ್ಕೆ ಜಾಗ ಮುಗಿಯಿತು ಎಂದೇ ಘೋಷಿಸಿದರು. ಇದಕ್ಕೆ ಇಲ್ಲಿ ನೆಟ್‌ಕಾಂಗೆಸ್ಟಿ ಎನ್ನುತ್ತಾರೆ, ಟ್ರಾಫಿಕ್ ಜಾಮ್ ಇದ್ದ ಹಾಗೆ. ಸಂಜೆ ಎಲ್ಲರೂ ಅಡುಗೆಗಿಳಿವ ಹೊತ್ತಿಗೆ ವಾಷಿಂಗ್ ಮಷೀನ್ ಹಾಕಬೇಡಿ ಎಂದು ಪಕ್ಕದ ಮನೆಯಜ್ಜಿ ಹೇಳಿದರೆ ಸುಮ್ಮನೆ ಕೇಳಿಕೊಳ್ಳಿ.

ಮನೆ ಒಪ್ಪುವ ಮೊದಲು ಎನರ್ಜಿ ಲೇಬಲ್, ಅಂದರೆ ಮನೆ ಎಷ್ಟು ಇಂಧನ ನುಂಗುತ್ತದೆ ಎಂದು ಎ-ಯಿಂದ ಜಿ-ವರೆಗೆ ಕೊಡುವ ದರ್ಜೆ, ನೋಡಿ. ಬಾಡಿಗೆ ಕಡಿಮೆ ಎಂದು ಎಫ್ ಅಥವಾ ಜಿ ಮನೆಗೆ ಹೋದರೆ ಉಳಿಸಿದ್ದೆಲ್ಲ ಚಳಿಗಾಲದಲ್ಲಿ ಹೀಟಿಂಗಿಗೇ ಹೋಗುತ್ತದೆ. ಸ್ಟಾಟ್ಸ್‌ಫರ್ವಾರ್ಮಿಂಗ್, ಅಂದರೆ ಊರಿಗೆಲ್ಲ ಪೈಪಿನಲ್ಲಿ ಬಿಸಿನೀರು ಕೊಡುವ ವ್ಯವಸ್ಥೆ ಇದ್ದರೆ ಕಂಪನಿ ಬದಲಿಸಲು ಬರುವುದಿಲ್ಲ. ಕೀಲಿ ಕೈಗೆ ಬಂದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಕರೆಂಟು-ಹೀಟಿಂಗಿನ ತಿಂಗಳ ಕಂತನ್ನು ಕಂಪನಿಯವರು ಅಂದಾಜಿನಲ್ಲಿ ಕಟ್ಟಿಸಿಕೊಂಡು ವರ್ಷದ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಾರೆ. ಮೊದಲ ವರ್ಷ ಕಂತು ಕಮ್ಮಿ ಎಂದು ಹಿಗ್ಗಿದ್ದ ನನಗೆ ಕೊನೆಗೆ ಬಂದ ಬಾಕಿ 640 ಯೂರೋ. ಸೋಲಾರ್ ಇರುವ ಮನೆ ಕೊಳ್ಳುವವರಿಗೆ ಇನ್ನೊಂದು: ಗ್ರಿಡ್ಡಿಗೆ ಕೊಟ್ಟಿದ್ದನ್ನು ಬಳಸಿದ್ದರಲ್ಲಿ ಕಳೆಯುವ ಪದ್ಧತಿ 2027ರ ಜನವರಿ 1ಕ್ಕೆ ಕೊನೆ. ಮಾರುವವನ ಹಳೇ ಬಿಲ್ ನಂಬಬೇಡಿ.

ಹೆದ್ದಾರಿಯಲ್ಲಿ ಹಗಲು, ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ, ಬಹುತೇಕ ಕಡೆ ಗಂಟೆಗೆ 100 ಕಿ.ಮೀ. ವೇಗದ ಮಿತಿ. ರಸ್ತೆ ಖಾಲಿ ಇದ್ದರೂ ಹೀಗೇಕೆ ಎಂದರೆ ಉತ್ತರ ಕೊಟ್ಟಿಗೆಯಲ್ಲಿದೆ. ಇಷ್ಟು ಚಿಕ್ಕ ದೇಶದಲ್ಲಿ ಅಷ್ಟೊಂದು ದನ. ಸಗಣಿ-ಗಂಜಲದ ಅಮೋನಿಯಾ, ಅಂದರೆ ನೈಟ್ರೋಜನ್ ಇರುವ ಅನಿಲ, ಹಾರಿ ಕಾಡು, ಕುರುಚಲುಗಳ ಮೇಲೆ ಬಿದ್ದು ಹುಲ್ಲು, ತುರಿಕೆಗಿಡ ಹುಚ್ಚಾಗಿ ಬೆಳೆದು ಬಾಕಿ ಗಿಡಗಳು ಸಾಯುತ್ತವೆ. ಇಲ್ಲಿ ಗೊಬ್ಬರವೇ ವಿಷ. 2019ರಲ್ಲಿ ಈ ನೈಟ್ರೋಜನ್ ಮಾಲಿನ್ಯಕ್ಕೆಂದು ಸರ್ಕಾರ ಮಾಡಿದ್ದ ಯೋಜನೆಯನ್ನು ನ್ಯಾಯಪೀಠ ತಳ್ಳಿಹಾಕಿ ಮನೆ-ರಸ್ತೆ ಕಟ್ಟುವ ಅನುಮತಿಗಳೂ ನಿಂತವು. ರೈತರು ಟ್ರ್ಯಾಕ್ಟರ್ ತಂದು ರಸ್ತೆ ತುಂಬಿದರು. ಕಾರಿನ ಹೊಗೆಯಲ್ಲೂ ನೈಟ್ರೋಜನ್ ಇರುವುದರಿಂದ ಮರುವರ್ಷ ವೇಗ ತಗ್ಗಿಸಿದ್ದು ಆ ಗಲಾಟೆಯ ನಡುವೆಯೇ. ಕ್ಯಾಮೆರಾಗಳಿಗೆ ಕರುಣೆ ಇಲ್ಲ.

ಹಾಂ, ವಾಟರ್‌ಸ್ಖಾಪ್, ಅಂದರೆ ನೀರು ನಿರ್ವಹಿಸುವ ಸ್ಥಳೀಯ ಮಂಡಳಿಯ ಹೆಸರಲ್ಲಿ ಬರುವ ಲಕೋಟೆಯನ್ನು ಜಾಹೀರಾತೆಂದು ಬಿಸಾಡಬೇಡಿ. ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಏರಿ ಕಾಯುವುದು, ನೀರು ಪಂಪ್ ಮಾಡುವುದು ಈ ಮಂಡಳಿಯವರ ಕೆಲಸ, ಅದಕ್ಕೆ ತೆರಿಗೆ. ನಲ್ಲಿ ನೀರಿನ ಬಿಲ್ ಬೇರೆ ಬರುತ್ತದೆ.