ಮೂರು ಥರದ ಕಂಪ್ಯೂಟರ್, ಒಬ್ಬರಿಗೆ ಒಂದೇ ಪಾಸ್‌ವರ್ಡ್: ನನ್ನ ಅನುಭವ

ನಮ್ಮ ಆಫೀಸಿನಲ್ಲಿ 23 ಕಂಪ್ಯೂಟರ್ ಇವೆ. ಲೆಕ್ಕಪತ್ರ ನೋಡುವವರದು ವಿಂಡೋಸ್, ಪ್ರೋಗ್ರಾಂ ಬರೆಯುವ ಏಳು ಜನರದು ಉಬುಂಟು (ಲಿನಕ್ಸ್‌ನ ಒಂದು ಬಗೆ), ಡಿಸೈನ್ ಮಾಡುವ ನಾಲ್ವರದು ಮ್ಯಾಕ್. ಎಲ್ಲರೂ ಕೇಳಿದ್ದು ಒಂದೇ: ಎಲ್ಲರಿಗೂ ಸಿಗುವ ಒಂದು ಫೋಲ್ಡರ್. ಒಂದು ದಿನದ ಕೆಲಸ ಅಂದುಕೊಂಡು ಕೂತೆ, ಸರಿಯಾಗಿ ನಿಲ್ಲಲು ಎರಡು ತಿಂಗಳು ಬೇಕಾಯಿತು.

ಮೊದಲು ಒಂದು ಲಿನಕ್ಸ್ ಸರ್ವರ್‌ನಲ್ಲಿ ಫೋಲ್ಡರ್ ಮಾಡಿ, ವಿಂಡೋಸ್ ಮತ್ತು ಮ್ಯಾಕ್‌ಗೆ ಸಾಂಬಾ (ವಿಂಡೋಸ್‌ನ ಫೋಲ್ಡರ್ ಹಂಚುವ ವಿಧಾನವಾದ ಎಸ್‌ಎಂಬಿಯನ್ನು ಲಿನಕ್ಸ್‌ನಲ್ಲಿ ನಡೆಸುವ ಸಾಫ್ಟ್‌ವೇರ್) ಮೂಲಕ, ಉಬುಂಟುಗೆ ಎನ್‌ಎಫ್‌ಎಸ್ (ಲಿನಕ್ಸ್ ಯಂತ್ರಗಳು ಫೋಲ್ಡರ್ ಹಂಚಿಕೊಳ್ಳುವ ವಿಧಾನ) ಮೂಲಕ ಕೊಟ್ಟೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಒಬ್ಬರು ಬಂದು, "ನನ್ನ ಫೈಲನ್ನು ಬೇರೆಯವರು ಅಳಿಸಿದ್ದಾರೆ, ಅವರಿಗೆ ಅನುಮತಿಯೇ ಕೊಟ್ಟಿರಲಿಲ್ಲ ಅಲ್ವಾ?" ಅಂದರು. ಹುಡುಕಿದಾಗ ಕಾರಣ ಸಿಕ್ಕಿತು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಎಸ್ ಪಾಸ್‌ವರ್ಡ್ ಕೇಳುವುದಿಲ್ಲ, ಆ ಕಂಪ್ಯೂಟರ್ ಹೇಳಿದ ಯೂಸರ್ ನಂಬರನ್ನು ನಂಬುತ್ತದೆ. ಉಬುಂಟುವಿನಲ್ಲಿ ಮೊದಲು ಮಾಡಿದ ಯೂಸರ್‌ಗೆ ಸಿಗುವ ನಂಬರ್ 1000. ಏಳೂ ಕಂಪ್ಯೂಟರಿನಲ್ಲಿ ಅದೇ. ಅಂದರೆ ಸರ್ವರ್ ಕಣ್ಣಿಗೆ ಆ ಏಳೂ ಜನ ಒಬ್ಬರೇ.

ಅವತ್ತು ಫೋಲ್ಡರ್ ಬಿಟ್ಟು ಲಾಗಿನ್ ಕಡೆ ತಿರುಗಿದೆ. ಯಾರು ಯಾರು ಅನ್ನೋದು ಒಂದೇ ಕಡೆ ಬರೆದಿಡದೆ ಎಷ್ಟು ಅನುಮತಿ ಹಾಕಿದರೂ ಸುಮ್ನೆ.

ಸಾಂಬಾ 1992ರಲ್ಲಿ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ ಸಾಫ್ಟ್‌ವೇರ್. 2012ರ ಡಿಸೆಂಬರ್‌ನಲ್ಲಿ ಬಂದ 4.0ರಿಂದ ಅದೇ ಆಕ್ಟಿವ್ ಡೈರೆಕ್ಟರಿ ಡೊಮೇನ್ ಕಂಟ್ರೋಲರ್ ಆಗಿಯೂ ಕೆಲಸ ಮಾಡುತ್ತದೆ, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಟ್ಟು, ಒಂದು ಗುಂಪಿನ (ಡೊಮೇನ್) ಕಂಪ್ಯೂಟರುಗಳ ಲಾಗಿನ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಪದ್ಧತಿಯ ಸರ್ವರ್. ನಾನು ಅದನ್ನೇ ಹಾಕಿದೆ. ಲಾಗಿನ್‌ಗೆ ಒಂದು ಸರ್ವರ್, ಫೈಲ್‌ಗೆ ಬೇರೆ ಸರ್ವರ್. ಎರಡನ್ನೂ ಒಂದರಲ್ಲೇ ತುಂಬಬೇಡಿ ಅಂತ ಸಾಂಬಾದವರೇ ಹೇಳುತ್ತಾರೆ, ಆ ಮಾತು ಕೇಳಿ. ಸ್ವಲ್ಪ ದಿನದ ಮೇಲೆ ಎರಡನೇ ಡೊಮೇನ್ ಕಂಟ್ರೋಲರ್ ಕೂಡ ಸೇರಿಸಿದೆ, ಏಕೆಂದರೆ ಒಂದೇ ಇದ್ದು ಅದು ಕೆಟ್ಟರೆ ಇಡೀ ಆಫೀಸಿನ ಲಾಗಿನ್ ತೊಂದರೆಗೆ ಸಿಗುತ್ತದೆ.

ಡೊಮೇನ್ ಹೆಸರನ್ನು ಡಾಟ್ ಲೋಕಲ್ ಅಂತ ಮುಗಿಸಿದ್ದು ನಾನು ಮಾಡಿದ ದೊಡ್ಡ ತಪ್ಪು. ಮ್ಯಾಕ್‌ನ ಬಾನ್ಜೂರ್, ಉಬುಂಟುವಿನ ಅವಾಹಿ ಎರಡೂ ಆ ಕೊನೆಯನ್ನು ಹತ್ತಿರದ ಯಂತ್ರಗಳನ್ನು ಹುಡುಕುವ ತಮ್ಮ ಕೆಲಸಕ್ಕೆ ಬಳಸುತ್ತವೆ. ಹಾಗಾಗಿ ಸರ್ವರ್ ಕೆಲವೊಮ್ಮೆ ಸಿಗುತ್ತಿತ್ತು, ಕೆಲವೊಮ್ಮೆ ಇಲ್ಲ. ಆಮೇಲೆ ಹೆಸರು ಬದಲಿಸುವ ಬದಲು ಎಲ್ಲ ಅಳಿಸಿ ಮತ್ತೆ ಕಟ್ಟುವುದೇ ಸುಲಭ ಅನಿಸಿತು. ನಿಮ್ಮದೇ ವೆಬ್ ವಿಳಾಸದ ಕೆಳಗೆ ಒಂದು ಉಪಹೆಸರು ಮಾಡಿಕೊಂಡರೆ ಈ ಕಷ್ಟ ಇಲ್ಲ. ಎಲ್ಲ ಕಂಪ್ಯೂಟರಿನ ಡಿಎನ್‌ಎಸ್ (ಹೆಸರಿನಿಂದ ಯಂತ್ರದ ವಿಳಾಸ ಹುಡುಕುವ ವ್ಯವಸ್ಥೆ) ಡೊಮೇನ್ ಕಂಟ್ರೋಲರ್ ಕಡೆಗೇ ಇರಲಿ. ಗಡಿಯಾರವನ್ನೂ ನೋಡಿ: ಸಮಯ 5 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಆದರೆ ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕರ್ಬರೋಸ್ ಒಪ್ಪುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಅಷ್ಟೇ.

ವಿಂಡೋಸ್‌ಗಳು ತಕರಾರಿಲ್ಲದೆ ಸೇರಿದವು. ಉಬುಂಟುಗಳನ್ನು ರೆಲ್ಮ್‌ಡಿ ಎಂಬ ಸಾಧನ ಬಳಸಿ ಸೇರಿಸಿದೆ, ಲಾಗಿನ್ ನೋಡಿಕೊಳ್ಳುವುದು ಎಸ್‌ಎಸ್‌ಎಸ್‌ಡಿ ಎಂಬ ಪ್ರೋಗ್ರಾಂ. ಅದು ಡೊಮೇನ್‌ನ ಗುರುತಿನಿಂದಲೇ ಯೂಸರ್ ನಂಬರ್ ಲೆಕ್ಕ ಹಾಕುತ್ತದೆ, ಆದ್ದರಿಂದ ಒಬ್ಬರಿಗೆ ಎಲ್ಲ ಉಬುಂಟುವಿನಲ್ಲೂ ಒಂದೇ ನಂಬರ್, ಇನ್ನೊಬ್ಬರಿಗೆ ಬೇರೆ. ಪಾಸ್‌ವರ್ಡ್ ನೆನಪಿಡುವ ಆಯ್ಕೆಯನ್ನು ಆನ್ ಮಾಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಮನೆಗೆ ಒಯ್ದವರು ಲಾಗಿನ್ ಆಗಲು ಆಗುವುದಿಲ್ಲ. ಎನ್‌ಎಫ್‌ಎಸ್ ಪೂರ್ತಿ ತೆಗೆದು, ಉಬುಂಟುಗೂ ಎಸ್‌ಎಂಬಿಯನ್ನೇ ಕರ್ಬರೋಸ್ ಜೊತೆ ಕೊಟ್ಟೆ. ಮ್ಯಾಕ್‌ಗಳನ್ನೂ ಡೊಮೇನ್‌ಗೆ ಸೇರಿಸಿದ್ದೆ, ಆದರೆ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಕೀಚೈನ್ (ಮ್ಯಾಕ್ ಪಾಸ್‌ವರ್ಡ್‌ಗಳನ್ನು ಕೂಡಿಡುವ ಜಾಗ) ಹಳೇ ಪಾಸ್‌ವರ್ಡನ್ನೇ ಕೇಳುತ್ತಿತ್ತು. ನಾಲ್ಕೂ ಲ್ಯಾಪ್‌ಟಾಪ್‌ಗಳೇ, ಹಾಗಾಗಿ ಡೊಮೇನ್‌ನಿಂದ ಬಿಡಿಸಿದೆ. ಈಗ ಮ್ಯಾಕ್‌ನ ಲಾಗಿನ್ ಅದರದ್ದೇ, ಫೋಲ್ಡರ್ ತೆರೆಯುವಾಗ ಮಾತ್ರ ಡೊಮೇನ್ ಪಾಸ್‌ವರ್ಡ್. ಶೀರ್ಷಿಕೆಯಲ್ಲಿ ಹೇಳಿದ್ದು ಈ ನಾಲ್ವರಿಗೆ ಪೂರ್ತಿ ನಿಜವಲ್ಲ, ಆದರೆ ಅವರ ದಿನದ ಕೆಲಸಕ್ಕೆ ಇದೇ ಒಳ್ಳೆಯದಾಯಿತು.

ಮ್ಯಾಕ್‌ನವರು ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಥರದ್ದನ್ನೆಲ್ಲ ಧಾರಾಳವಾಗಿ ಹಾಕುತ್ತಾರೆ. ವಿಂಡೋಸ್ ಅವನ್ನು ಒಪ್ಪದ ಕಾರಣ ಸಾಂಬಾ ಅಂಥ ಫೈಲಿಗೆ ಅರ್ಥವಾಗದ ಒಂದು ಗಿಡ್ಡ ಹೆಸರು ತೋರಿಸುತ್ತದೆ. ಸಾಂಬಾದ ಕ್ಯಾಟಿಯಾ ಮತ್ತು ಫ್ರೂಟ್ ಮಾಡ್ಯೂಲ್‌ಗಳು ಇದಕ್ಕೆ ನೆರವಾಗುತ್ತವೆ. ಒಂದೊಂದು ಫೋಲ್ಡರಿಗೆ ಬೇರೆ ಬೇರೆ ಹಾಕದೆ ಎಲ್ಲಕ್ಕೂ ಸೇರಿಸಿ ಸಾಂಬಾ ಸೆಟ್ಟಿಂಗ್ ಫೈಲಿನ ಗ್ಲೋಬಲ್ ಭಾಗದಲ್ಲೇ ಹಾಕಿ.

ಕನ್ನಡ ಹೆಸರಿನ ಫೈಲ್‌ಗಳದ್ದು ಬೇರೆಯೇ ಕಥೆ. ಒಂದೇ ಫೋಲ್ಡರಿನಲ್ಲಿ "ಕೋಷ್ಟಕ" ಅಂತ ಎರಡು ಫೈಲ್ ಕಂಡವು, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಇಲ್ಲ. ಒಂದು ಹಳೇ ಮ್ಯಾಕ್ ಡಿಸ್ಕ್‌ನಿಂದ ಆರ್‌ಸಿಂಕ್ (ಫೈಲ್ ನಕಲು ಮಾಡುವ ಸಾಧನ) ಮೂಲಕ ಬಂದದ್ದು. ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ) ಇರುವ ಡಿಸ್ಕ್ "ಕೋ" ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿ ಇಡದೆ ಮೂರು ತುಂಡು ಮಾಡಿ ಇಡುತ್ತದೆ. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ ಹೆಸರು. ಆರ್‌ಸಿಂಕ್‌ನಲ್ಲಿ ಅಕ್ಷರ ಸಂಕೇತ ಬದಲಿಸುವ ಐಕಾನ್ವ್ ಆಯ್ಕೆ ಹಾಕಿ ಮತ್ತೆ ನಕಲು ಮಾಡಿದ ಮೇಲೆ ಸರಿಹೋಯಿತು.

ಇನ್ನೂ ತಲೆನೋವಾಗಿ ಉಳಿದಿರುವುದು ಸ್ಕ್ಯಾನರ್. ಅದಕ್ಕೆ ಗೊತ್ತಿರುವುದು ಎಸ್‌ಎಂಬಿಯ ಹಳೇ ಆವೃತ್ತಿಯಾದ ಎಸ್‌ಎಂಬಿ 1 ಮಾತ್ರ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದ. ಸಾಂಬಾ ಕೂಡ 4.11ರಿಂದ ಅದನ್ನು ತಾನಾಗಿ ಆನ್ ಇಡುವುದಿಲ್ಲ. ಒಂದು ಸ್ಕ್ಯಾನರ್‌ಗೋಸ್ಕರ ನಾನು ಅದನ್ನು ತೆರೆಯಲಿಲ್ಲ. ಸ್ಕ್ಯಾನ್ ಆದದ್ದು ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ವಿಧಾನ) ಮೂಲಕ ಪಕ್ಕದ ಒಂದು ಪುಟ್ಟ ಯಂತ್ರಕ್ಕೆ ಹೋಗುತ್ತದೆ, ಅಲ್ಲಿಂದ ಒಂದು ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಸರ್ವರ್‌ಗೆ ಹಾಕುತ್ತದೆ. ಹೊಸ ಸ್ಕ್ಯಾನರ್ ತರುವವರೆಗೆ ಹೀಗೇ ನಡೆಸುತ್ತೇನೆ.