ಮುಂಬೈನಿಂದ ಕ್ರೂಸ್ ಹತ್ತುವವರಿಗೆ ಡೊಂಬಿವಲಿಯಿಂದ ನಾಲ್ಕು ಮಾತು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡಿರುವ ಕರಾವಳಿಯವರಿಗೆ ಊರಿನ ನೆಂಟರು ತಪ್ಪಿದ್ದಲ್ಲ. ಮೊದಲೆಲ್ಲ ಸಿದ್ಧಿವಿನಾಯಕ, ಮಹಾಲಕ್ಷ್ಮಿ ತೋರಿಸಿದರೆ ಸಾಕಿತ್ತು. ಈಗ "ನಮ್ಗೂ ಕ್ರೂಸ್ ಹೋಗ್ಬೇಕಿತ್ತು, ಹೇಗೆ ಮಾಡೋದು?" ಅಂತ ಫೋನ್ ಬರುತ್ತದೆ. ಕ್ರೂಸ್ ಅಂದರೆ ದೊಡ್ಡ ಹಡಗಿನ ವಿಹಾರ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಬರೆದೇ ಇಡೋಣ ಅಂದುಕೊಂಡೆ.

ಎಲ್ಲರೂ ಮೊದಲು ಕೇಳುವುದು ಒಂದೇ. "ನಮ್ಮ ಪಣಂಬೂರಿಗೇ ಅಷ್ಟು ದೊಡ್ಡ ಹಡಗು ಬರ್ತದಲ್ಲ, ಅಲ್ಲಿಂದಲೇ ಹತ್ತಿದ್ರೆ ಆಗುದಿಲ್ವಾ?" ಆಗುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಹಡಗುಗಳು ಬೆಳಿಗ್ಗೆ ಬಂದು ಸಂಜೆ ಹೋಗುವಂಥವು. ಅದರಲ್ಲಿದ್ದವರು ಇಳಿದು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, ಮತ್ತೆ ಅದೇ ಹಡಗು ಹತ್ತಿ ಹೊರಡುತ್ತಾರೆ. ಅವರ ಪ್ರಯಾಣ ಶುರುವಾಗಿದ್ದು ಬೇರೆಲ್ಲೋ. ಮುಂಬೈ ಹಾಗಲ್ಲ. ಕಾರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ 'ಎಂಪ್ರೆಸ್' ಹಡಗನ್ನು ಇಲ್ಲಿಂದಲೇ ಓಡಿಸಲು ಶುರು ಮಾಡಿತು. ಇಲ್ಲಿ ಹತ್ತಬೇಕು, ಸುತ್ತಿ ಬಂದು ಇಲ್ಲೇ ಇಳಿಯಬೇಕು. ಹಡಗಿಗೆ ನೀರು, ಎಣ್ಣೆ, ತರಕಾರಿ ತುಂಬುವುದೂ ಇಲ್ಲೇ.

ಇದರಲ್ಲಿ ನಿಮಗೆ ಲಾಭವೂ ಇದೆ, ಗೋಳೂ ಇದೆ. ದೇಶದೊಳಗಿನ ಟ್ರಿಪ್ಪಿಗೆ ವಿಮಾನ ಬೇಡ, ಪಾಸ್‌ಪೋರ್ಟ್ ಬೇಡ, ಆಧಾರ್‌ನಂಥ ಗುರುತಿನ ಚೀಟಿ ಸಾಕು. ಆದರೆ ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಹೊತ್ತಿಗಿಂತ ಎಷ್ಟೋ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ. ಹಾಗಾಗಿ ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ: ಹಿಂದಿನ ದಿನವೇ ಮುಂಬೈಗೆ ಬನ್ನಿ. ಮಂಗಳೂರಿನಿಂದ ಬರುವ ಮತ್ಸ್ಯಗಂಧ ರೈಲು ಬೆಳಿಗ್ಗೆ ತಲುಪುತ್ತದೆ, ಹಡಗು ಸಂಜೆಗೆ ತಾನೇ ಅಂತ ಲೆಕ್ಕ ಹಾಕುವವರು ಜಾಸ್ತಿ. ಕಾಗದದ ಮೇಲೆ ಆ ಲೆಕ್ಕ ಸರಿ. ಆದರೆ ಕೊಂಕಣ ರೈಲ್ವೆಯದು ಬಹುಪಾಲು ಒಂದೇ ಹಳಿಯ ದಾರಿ, ಎಲ್ಲೋ ಕ್ರಾಸಿಂಗ್‌ಗೆ ನಿಂತರೆ ಲೆಕ್ಕ ಅಲ್ಲೇ ತಪ್ಪಿತು. ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಸೀದಾ ಸಿಎಸ್‌ಎಂಟಿಗೇ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣ) ತಂದು ಬಿಡುತ್ತದೆ. ಅದೂ ಹಿಂದಿನ ದಿನದ್ದೇ ಇರಲಿ.

ಹಡಗು ನಿಲ್ಲುವುದು ಬಲ್ಲಾರ್ಡ್ ಪಿಯರ್‌ನಲ್ಲಿ. ಟ್ಯಾಕ್ಸಿಯವನಿಗೆ "ಕ್ರೂಸ್ ಟರ್ಮಿನಲ್" ಅಂದರೆ ಕೆಲವೊಮ್ಮೆ ಗೇಟ್‌ವೇ ಆಫ್ ಇಂಡಿಯಾಗೆ ಕರೆದುಕೊಂಡು ಹೋಗುತ್ತಾನೆ, ಅಲ್ಲಿ ಸಿಗುವುದು ಎಲಿಫೆಂಟಾ ದೋಣಿ. "ಬಲ್ಲಾರ್ಡ್ ಪಿಯರ್, ಗ್ರೀನ್ ಗೇಟ್" ಅನ್ನಿ. ಸಿಎಸ್‌ಎಂಟಿಯಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಮತ್ಸ್ಯಗಂಧದಲ್ಲಿ ಬಂದು ಕುರ್ಲಾ ಟರ್ಮಿನಸ್‌ನಲ್ಲಿ ಇಳಿದವರಿಗೆ ಪಕ್ಕದ ತಿಲಕ್ ನಗರದಿಂದ ಸಿಎಸ್‌ಎಂಟಿಗೆ ಹಾರ್ಬರ್ ಲೈನ್ ಲೋಕಲ್ ರೈಲು ಇದೆ. ಆದರೆ ಬೆಳಗಿನ ಆಫೀಸ್ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದು ಲೋಕಲ್ ಹತ್ತುವ ಸಾಹಸ ಬೇಡ. ನಾವು ಇಪ್ಪತ್ತು ವರ್ಷದಿಂದ ಇಲ್ಲಿರುವವರೇ ಮಾಡುವುದಿಲ್ಲ.

ಇನ್ನು ದುಡ್ಡಿನ ವಿಷಯ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವ ರೇಟು ಬರೀ ಕ್ಯಾಬಿನ್ನಿನದ್ದು, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ತಲೆಗೆ ಇಷ್ಟು ಅಂತ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಬರುತ್ತವೆ. ಏಜೆಂಟರ ಹತ್ತಿರ "ಎಲ್ಲಾ ಸೇರಿ ಕೈಗೆ ಎಷ್ಟು?" ಅಂತಲೇ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಊಟ ತಿಂಡಿ, ಸಂಜೆಯ ಕಾರ್ಯಕ್ರಮ, ಈಜುಕೊಳ ರೇಟಿನಲ್ಲೇ ಸೇರಿರುತ್ತವೆ. ಮದ್ಯ, ವೈಫೈ, ಸ್ಪಾ, ದಡಕ್ಕೆ ಇಳಿದ ಮೇಲಿನ ಸುತ್ತಾಟ ಬೇರೆ. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಕೊಡುವ ಒಂದು ಕಾರ್ಡೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಪರ್ಸು. ಮಕ್ಕಳ ಕೈಗೆ ಕೊಡುವ ಮೊದಲು ಯೋಚಿಸಿ.

ಎಂಪ್ರೆಸ್ ಹೊಸ ಹಡಗಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಮೊದಲು ರಾಯಲ್ ಕೆರಿಬಿಯನ್ ಕಂಪನಿಯದಾಗಿತ್ತು. ಆ ಕಾಲದ ಕೋಣೆಗಳು ಚಿಕ್ಕವು. ಅಗ್ಗದ ಒಳಕೋಣೆಗೆ ಕಿಟಕಿಯೇ ಇಲ್ಲ, ದೀಪ ಆರಿಸಿದರೆ ಬೆಳಗಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹಗಲೆಲ್ಲ ಡೆಕ್ಕಿನಲ್ಲೇ ಇರುವ ಪ್ರಾಯದವರಿಗೆ ಅದು ಧಾರಾಳ ಸಾಕು. ವಯಸ್ಸಾದವರಿದ್ದರೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟು ಸಮುದ್ರ ಕಾಣುವ ಕೋಣೆ ತೆಗೆದುಕೊಳ್ಳಿ. ಬಾಲ್ಕನಿ ಕೋಣೆಯ ರೇಟು ನನಗಂತೂ ದಂಡ ಅನಿಸುತ್ತದೆ. ಯಾವ ಕೋಣೆಯಾದರೂ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ ಕೇಳಿ. ಅಲ್ಲಿ ತೂಗಾಟ ಕಡಿಮೆ. ಬಸ್ಸಿನಲ್ಲೇ ವಾಂತಿ ಆಗುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ.

ಕುಂದಾಪುರದ ಚಿಕ್ಕಮ್ಮ ಬಂದಾಗ ಬ್ಯಾಗಿನ ಅರ್ಧ ತಿಂಡಿಯೇ ಇತ್ತು: ಕೋಡುಬಳೆ, ಹಲಸಿನ ಹಪ್ಪಳ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ ಅಂದೆ. "ಮತ್ತೆ ಅಲ್ಲಿ ಗಂಜಿ ಸಿಗ್ತದಾ ಮಗಾ?" ಅಂದರು. ಕುಚ್ಚಲಕ್ಕಿ ಗಂಜಿ ಇರಲಿಕ್ಕಿಲ್ಲ, ಆದರೆ ಸಸ್ಯಾಹಾರಕ್ಕೆ, ಜೈನ ಊಟಕ್ಕೆ ಕೂಡ ಕೊರತೆಯಿಲ್ಲ ಅಂತ ಸಮಾಧಾನ ಮಾಡಿದೆ. ಡಬ್ಬಿಗಳೆಲ್ಲ ನಮ್ಮ ಮನೆಯಲ್ಲೇ ಉಳಿದವು, ಚಿಕ್ಕಮ್ಮ ವಾಪಸ್ ಬರುವಷ್ಟರಲ್ಲಿ ಹಪ್ಪಳ ಖಾಲಿ. ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ಬೇಡ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಈಜುವ ಆಸೆ ಇದ್ದವರು ಈಜುಡುಗೆ ತನ್ನಿ, ಚಡ್ಡಿ ಬನಿಯನ್ನಿನಲ್ಲಿ ಕೊಳಕ್ಕೆ ಇಳಿಸುವುದಿಲ್ಲ.

ಎಲ್ಲಿಗೆ ಹೋಗುವುದು? ಮೊದಲ ಸಲವಾದರೆ ಗೋವಾ ಟ್ರಿಪ್ ಸಾಕು. ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮುರ್ಗಾಂವ್ ಬಂದರಿನಲ್ಲಿ. ಕಲಂಗೂಟ್ ಅಲ್ಲಿಂದ ದೂರ, ಓಡಿ ಹೋಗಿ ಓಡಿ ಬರಬೇಕು. ಸುಮ್ನೆ ಹತ್ತಿರದ ಬೋಗ್ಮಾಳೊ ಬೀಚಿಗೆ ಹೋಗಿ ಬನ್ನಿ. ಹುಬ್ಬಳ್ಳಿ ಕಡೆಯವರು ಗೋವಾದಲ್ಲೇ ಇಳಿದುಬಿಡುವ ಟಿಕೆಟ್ ಸಿಗುತ್ತದಾ ವಿಚಾರಿಸಿ. ಸಿಕ್ಕರೆ ವಾಸ್ಕೊದಿಂದ ಯಶವಂತಪುರ ರೈಲು ಹಿಡಿದು ಊರಿಗೇ ಹೋಗಬಹುದು.

ಲಕ್ಷದ್ವೀಪ ಚೆಂದ, ಆದರೆ ಅಲ್ಲಿಗೆ ಪರವಾನಗಿ ಬೇಕು. ಟಿಕೆಟ್ ಮಾಡುವಾಗಲೇ ಕಾಗದಪತ್ರ ಕೇಳುತ್ತಾರೆ, ತಡ ಮಾಡಬೇಡಿ. ಅಲ್ಲಿ ಹಡಗು ಆಳ ಸಮುದ್ರದಲ್ಲೇ ನಿಂತು ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ಮಂಡಿ ನೋವಿನವರು ಇದನ್ನು ಯೋಚಿಸಿಯೇ ಹೊರಡಿ.

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಬೇರೆ ಹೇಳಬೇಕಾ? ಅದಕ್ಕೇ 2022ರ ಜೂನ್‌ನಲ್ಲಿ ಇದೇ ಹಡಗನ್ನು ಚೆನ್ನೈನಿಂದ ಓಡಿಸಿದರು. ಬೆಂಗಳೂರಿನವರಿಗೆ ಚೆನ್ನೈಯೇ ಹತ್ತಿರ, ಅಲ್ವಾ? ಆ ಸೀಸನ್ನಿನ ಪಟ್ಟಿಯನ್ನೂ ನೋಡಿ. ಶ್ರೀಲಂಕಾ ಟ್ರಿಪ್ ಆದರೆ ಪಾಸ್‌ಪೋರ್ಟ್ ಬೇಕು, ವೀಸಾದ ವಿಷಯವನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಹತ್ತಿದ ಕೂಡಲೇ ಸುರಕ್ಷತಾ ಡ್ರಿಲ್ ಇರುತ್ತದೆ. ಎಲ್ಲರೂ ಬಫೆಗೆ ಓಡುತ್ತಾರೆ, ನೀವು ಮೊದಲು ಲೈಫ್‌ಜಾಕೆಟ್ ಎಲ್ಲಿದೆ ನೋಡಿಕೊಳ್ಳಿ.

ವಾಪಸ್ ಬರುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗಿಡಲು ಹೇಳಿದರೆ, ಬೆಳಿಗ್ಗೆಯ ಬಟ್ಟೆ, ಬಿಪಿ ಮಾತ್ರೆ, ಫೋನ್ ಚಾರ್ಜರ್ ಕೈಚೀಲದಲ್ಲಿರಲಿ. ಬಿಲ್ಲನ್ನೂ ಅದೇ ರಾತ್ರಿ ನೋಡಿ. ಬೆಳಿಗ್ಗೆ ಕೌಂಟರ್ ಮುಂದೆ ಜಾತ್ರೆಯೇ ಇರುತ್ತದೆ. ಊರಿನ ರೈಲು ಮಧ್ಯಾಹ್ನದ ಮೇಲಿನದ್ದೇ ಇರಲಿ. ನಡುವೆ ಹೊತ್ತು ಸಿಕ್ಕರೆ ಸಿಎಸ್‌ಎಂಟಿಯ ಕ್ಲೋಕ್‌ರೂಮಿನಲ್ಲಿ ಬ್ಯಾಗ್ ಇಟ್ಟು ಪಕ್ಕದ ಫೋರ್ಟ್ ಪ್ರದೇಶದ ಕಡೆ ಸುತ್ತಾಡಿ ಬನ್ನಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಮನೆಯಿಂದಲೇ ಒಂದು ಚಿಕ್ಕ ಬೀಗ ತನ್ನಿ.